ಬಂದ ಹಕ್ಕಿಗಳನ್ನು ಎಣಿಸಿದರೆ ಸಾಲದು
(ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ವಲಸೆ ಹಕ್ಕಿಗಳ ಬಗ್ಗೆ ಮಾತನಾಡಬೇಕೆಂದು ಕೇಳಿಕೊಂಡಿದ್ದೀರಿ. ಎಲ್ಲ ಹಕ್ಕಿಗಳ ಕಥೆ ಹೇಳಲು ಹೊರಟರೆ ಊಟದ ಹೊತ್ತು ಮೀರುತ್ತದೆ. ಆದ್ದರಿಂದ ಒಂದೇ ಹಕ್ಕಿಯನ್ನು ಆರಿಸಿಕೊಂಡಿದ್ದೇನೆ. ಅದು ಕಪ್ಪು ಬಾಲದ ಗಾಡ್‌ವಿಟ್. ಉದ್ದ ಕಾಲು, ನೀಳವಾದ ನೇರ ಕೊಕ್ಕು. ಕೊಕ್ಕನ್ನು ಕೆಸರಿನಲ್ಲಿ ಆಳಕ್ಕೆ ಇಳಿಸಿ ಹುಳು ಹೆಕ್ಕುತ್ತದೆ. ಚಳಿಗಾಲದಲ್ಲಿ ನಮ್ಮ ಕೆರೆಯಂಚಿಗೂ ಈ ಜಾತಿಯ ಹಕ್ಕಿಗಳು ಬರುತ್ತವೆ. ಆದರೆ ಇದನ್ನು ಬಹಳ ಆಳವಾಗಿ ಅಧ್ಯಯನ ಮಾಡಿರುವುದು ಯುರೋಪಿನಲ್ಲಿ. ಅಲ್ಲಿಗೇ ಹೋಗೋಣ.

ಮೂಲತಃ ಇದು ಜೌಗು ನೆಲದ ಹಕ್ಕಿ. ನೆದರ್‌ಲ್ಯಾಂಡ್ಸ್‌ನ ರೈತರು ಶತಮಾನಗಳ ಹಿಂದೆ ಜೌಗನ್ನು ಹಸುಗಳ ಹುಲ್ಲುಗಾವಲು ಮಾಡಿಕೊಂಡಾಗ ಹಕ್ಕಿ ಊರು ಬಿಡಲಿಲ್ಲ. ನೆಲ ಇನ್ನೂ ಒದ್ದೆಯಾಗಿತ್ತು, ಸಗಣಿ ಗೊಬ್ಬರ ಬಿದ್ದ ಮಣ್ಣಿನಲ್ಲಿ ಎರೆಹುಳು ಸಮೃದ್ಧವಾಗಿತ್ತು. ಅಲ್ಲೇ ಗೂಡು ಕಟ್ಟಿತು. ಬೇಸಾಯವೆಂದರೆ ಹಕ್ಕಿಗೆ ಶತ್ರು ಎಂದು ಸಾರಾಸಗಟಾಗಿ ಹೇಳುವವರು ಇದನ್ನು ಗಮನಿಸಬೇಕು. 1960ರ ದಶಕದಲ್ಲಿ ಅಲ್ಲಿ ಸುಮಾರು 1,20,000 ಜೋಡಿಗಳಿದ್ದವು. ಆಮೇಲೆ ಗಾವಲಿನ ನೀರನ್ನು ಬಸಿದು ಹಾಕಿದರು. ರಸಗೊಬ್ಬರ ಬಂತು, ಒಂದೇ ಜಾತಿಯ ದಟ್ಟ ಹುಲ್ಲು ಬಂತು, ಮೇ ತಿಂಗಳಲ್ಲೇ ಕೊಯ್ಯುವ ಯಂತ್ರ ಬಂತು. 2015ರಲ್ಲಿ ಜನ ಇದನ್ನು ರಾಷ್ಟ್ರಪಕ್ಷಿಯಾಗಿ ಆರಿಸುವ ಹೊತ್ತಿಗೆ ಉಳಿದದ್ದು ಹೆಚ್ಚುಕಡಿಮೆ ಕಾಲು ಭಾಗ.

ಇಲ್ಲೊಂದು ವಿಚಿತ್ರವಿದೆ. ದೊಡ್ಡ ಹಕ್ಕಿಗಳು ಹೆಚ್ಚಾಗಿ ಸಾಯುತ್ತಿರಲಿಲ್ಲ. ಇದು ದೀರ್ಘಾಯುಷಿ, ಇಪ್ಪತ್ತು ವರ್ಷ ದಾಟಿ ಬದುಕಿದ ಹಕ್ಕಿಗಳೂ ಇವೆ. ಒಮ್ಮೆ ಗೂಡು ಕಟ್ಟಿದ ಹೊಲಕ್ಕೇ ವರ್ಷವರ್ಷ ಮರಳುತ್ತದೆ. ಮರಿಗಳು ಮಾತ್ರ ಉಳಿಯುತ್ತಿರಲಿಲ್ಲ. ಈ ಮರಿಗೆ ತಾಯಿ ಗುಟುಕು ಕೊಡುವುದಿಲ್ಲ. ಮೊಟ್ಟೆಯೊಡೆದ ಮೊದಲ ದಿನದಿಂದಲೇ ಹುಲ್ಲಿನ ನಡುವೆ ಓಡಾಡಿ ತಾನೇ ಕೀಟ ಹಿಡಿಯಬೇಕು, ಹಾರಲು ಮೂರೂವರೆ ವಾರ ಬೇಕು. ದಟ್ಟ ಹುಲ್ಲಿನಲ್ಲಿ ನಡೆಯಲಾಗದು, ಕೀಟವೂ ಕಡಿಮೆ, ಅಷ್ಟರಲ್ಲಿ ಯಂತ್ರ ಬರುತ್ತದೆ. ಗ್ರೋನಿಂಗನ್ ವಿಶ್ವವಿದ್ಯಾಲಯದವರು ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಮರಿಗಳನ್ನು ಹಿಡಿದು ತೂಗಿ, ಗುರುತು ಹಾಕಿ ನೋಡಿದರು. ಹೂಗಿಡಗಳಿರುವ ಒದ್ದೆ ಗಾವಲಿನ ಮರಿಗಳು ಚೆನ್ನಾಗಿ ಬೆಳೆದವು, ಹೆಚ್ಚು ಬದುಕಿದವು. ಆದರೆ ಹೊಲದಂಚಿನಲ್ಲಿ ನಿಂತು ದೊಡ್ಡ ಹಕ್ಕಿಗಳನ್ನಷ್ಟೇ ಎಣಿಸುವವನಿಗೆ ವರ್ಷಗಟ್ಟಲೆ ಎಲ್ಲವೂ ಸರಿಯಾಗಿಯೇ ಕಂಡೀತು. ಮಕ್ಕಳಿಲ್ಲದ ಊರಿನಲ್ಲಿ ಮುದುಕರ ತಲೆ ಎಣಿಸಿದಂತೆ.

ಐಸ್‌ಲ್ಯಾಂಡಿನಲ್ಲಿ ಇದೇ ಜಾತಿಯ ಇನ್ನೊಂದು ಬಳಗದ ಕಥೆ ಉಲ್ಟಾ. 20ನೇ ಶತಮಾನದ ಆರಂಭದಲ್ಲಿ ಕೆಲವೇ ಸಾವಿರವಿದ್ದದ್ದು ಈಗ ಸುಮಾರು 50,000 ಆಗಿದೆ. ವಸಂತದಲ್ಲಿ ಅವು ಮೊದಲಿಗಿಂತ ಸುಮಾರು ಎರಡು ವಾರ ಮುಂಚೆ ಬರತೊಡಗಿದವು. ಹಕ್ಕಿಗಳು ಅಭ್ಯಾಸ ಬದಲಿಸಿಕೊಂಡವೆಂದು ಎಲ್ಲರೂ ಭಾವಿಸಿದ್ದರು. ಕಾಲಿಗೆ ಬಣ್ಣದ ಉಂಗುರ ತೊಡಿಸಿ ಒಂದೊಂದನ್ನೇ ಗುರುತಿಸಿದಾಗ ಬೇರೆಯೇ ತಿಳಿಯಿತು. ಬ್ರಿಟನ್ನಿನ ಜೆನಿಫರ್ ಗಿಲ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದಂತೆ, ಹಳೆಯ ಹಕ್ಕಿ ಪ್ರತಿವರ್ಷ ತನ್ನ ಹಳೆಯ ದಿನಾಂಕಕ್ಕೇ ಬರುತ್ತದೆ. ಬೇಗ ಬರುವವು ಇತ್ತೀಚೆಗೆ ಹುಟ್ಟಿದವು. ಬದಲಾವಣೆ ಬಂದದ್ದು ಮರಿಗಳ ಮೂಲಕ. ಮರಿಯೇ ಉಳಿಯದ ಕಡೆ ಬದಲಾಗುವವರು ಯಾರು?

ಉಂಗುರದ ಮಾತು ಬಂದಿತಲ್ಲ, ನಮ್ಮಲ್ಲೂ ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತ್ತು. ಅದು ಬೇರೆಯೇ ಭಾಷಣಕ್ಕೆ ವಿಷಯ.

ನೆದರ್‌ಲ್ಯಾಂಡ್ಸ್‌ನ ಹಕ್ಕಿಗಳಲ್ಲಿ ಬಹಳಷ್ಟು ಚಳಿಗಾಲಕ್ಕೆ ಸೆನೆಗಲ್, ಗಿನಿ-ಬಿಸ್ಸಾವ್ ಕಡೆಯ ಭತ್ತದ ಗದ್ದೆಗಳಿಗೆ ಇಳಿಯುತ್ತವೆ. ಮರಳುವಾಗ ಸ್ಪೇನ್, ಪೋರ್ಚುಗಲ್‌ಗಳ ಕೊಯ್ಲಾದ ಗದ್ದೆಗಳಲ್ಲಿ ತಂಗಿ ಉದುರಿದ ಭತ್ತ ತಿನ್ನುತ್ತವೆ. ಗದ್ದೆಯಲ್ಲಿ ನೀರು ನಿಂತಿದ್ದರೆ ಮಾತ್ರ.

ಪರಿಹಾರವೇನು ಎಂದು ಕೇಳುತ್ತೀರಿ. ಜೂನ್‌ವರೆಗೆ ಹುಲ್ಲು ಕೊಯ್ಯದ ಡಚ್ ರೈತರಿಗೆ ಸರ್ಕಾರ ಹಣ ಕೊಡುತ್ತದೆ. ತಡವಾಗಿ ಕೊಯ್ದ ಹುಲ್ಲಿನಲ್ಲಿ ಸತ್ವ ಕಡಿಮೆ, ಹಾಲು ಕಡಿಮೆ. ನಷ್ಟ ರೈತನದೇ ಆದ್ದರಿಂದ ಹಣ ಕೊಡುವುದು ನ್ಯಾಯ. ಆದರೆ ಇಂಥ ಯೋಜನೆಗಳಿಂದ ಹಕ್ಕಿಗಳಿಗೆ ನಿರೀಕ್ಷಿಸಿದ ಲಾಭವಾಗಿಲ್ಲವೆಂದು 2001ರಲ್ಲೇ ಅಧ್ಯಯನವೊಂದು ತೋರಿಸಿತು. ಕೊಯ್ಲು ಮುಂದೂಡಿದರಷ್ಟೇ ಸಾಲದು, ಬಸಿದು ಹಾಕಿದ ನೀರನ್ನೂ ಗಾವಲಿಗೆ ಮರಳಿ ತರಬೇಕು. ಈಗ ಕೆಲವರು ವಸಂತದಲ್ಲಿ ಪಂಪಿಟ್ಟು ತಮ್ಮ ಹೊಲದ ಒಂದು ಮೂಲೆಗೆ ನೀರು ನಿಲ್ಲಿಸುತ್ತಿದ್ದಾರೆ. ಅವರ ಅಜ್ಜಂದಿರು ಬಸಿದು ತೆಗೆದ ನೀರು ಅದೇ.