ಹೆಸರಿಲ್ಲದ ಭಾವ



ಚಿಕ್ಕನರಗುಂದದ ಈ ಸಭೆಯಲ್ಲಿ ಇಂದು ಗಂಡಹೆಂಡಿರ ನಡುವಿನ ಒಂದು ಮೌನವನ್ನು ಕುರಿತು ವಿಚಾರ ಮಾಡೋಣ. ಜಗಳವನ್ನು ಕುರಿತಲ್ಲ. ಜಗಳಕ್ಕಾದರೂ ಮಾತುಂಟು, ಹಿರಿಯರು ಕುಳಿತು ಬಗೆಹರಿಸಬಹುದು. ಮಾತೇ ಇಲ್ಲದ ಕಡೆ ಹಿರಿಯರು ಹೋಗಿ ಏನನ್ನು ಬಗೆಹರಿಸಬೇಕು?

ಒಂದು ಮನೆ ಇದೆಯೆಂದು ತಿಳಿಯಿರಿ. ಗಂಡ ದುಡಿಯುವವ, ದುಶ್ಚಟವಿಲ್ಲ. ಸಂಜೆ ಎರೆಹೊಲದಿಂದ ಬಂದು ಕೈಕಾಲು ತೊಳೆದು ಸುಮ್ಮನೆ ಕೂಡುತ್ತಾನೆ. "ಏನಾಗೇದರಿ?" ಎಂದು ಹೆಂಡತಿ ಕೇಳಿದರೆ "ಏನಿಲ್ಲ" ಎನ್ನುತ್ತಾನೆ. ಮತ್ತೆ ಕೇಳಿದರೆ "ತಲಿ ನೋಯ್ತದ" ಎನ್ನುತ್ತಾನೆ. ಕಡಲೆಯ ಬೆಲೆ ಬಿದ್ದಿದೆ, ಸಾಲದ ಕಂತು ಹತ್ತಿರ ಬಂದಿದೆ, ಎದೆಯಲ್ಲಿ ಅಂಜಿಕೆ ಕುಳಿತಿದೆ. ಆದರೆ ಅದು ಅಂಜಿಕೆ ಎಂಬುದು ಅವನಿಗೇ ತಿಳಿಯದು, ತಲೆನೋವು ಮಾತ್ರ ತಿಳಿದಿದೆ. ಆಕೆ ಒಂದು ದಿನ ಅತ್ತರೆ, ಏನು ಮಾಡಬೇಕೆಂದು ತೋಚದೆ ಎದ್ದು ಕಟ್ಟೆಗೆ ಹೋಗುತ್ತಾನೆ. "ನನ್ನ ಮ್ಯಾಲೆ ಇವರಿಗೆ ಮನಸ್ಸಿಲ್ಲ" ಎಂದು ಆಕೆ ನಿಶ್ಚಯಿಸಿಬಿಡುತ್ತಾಳೆ. ಅಂದಿನಿಂದ ಒಂದೇ ಮಾಳಿಗೆಯ ಕೆಳಗೆ ಇಬ್ಬರು ಒಂಟಿಗರು.

ಅವನು ಸುಳ್ಳು ಹೇಳಿದನೆ? ಇಲ್ಲ. ಒಳಗಿರುವುದಕ್ಕೆ ಅವನ ಬಳಿ ಹೆಸರಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅಮೇರಿಕೆಯ ಬೋಸ್ಟನ್ ನಗರದ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಎಂಬುವರು ಇಂಥವರನ್ನು ಕಂಡು, ಗ್ರೀಕ್ ಭಾಷೆಯಿಂದ 'ಅಲೆಕ್ಸಿಥೈಮಿಯಾ' ಎಂಬ ಶಬ್ದವನ್ನು ಕಟ್ಟಿದರು. ಭಾವಕ್ಕೆ ಮಾತಿಲ್ಲ ಎಂದು ಅದರ ಅರ್ಥ. ಹತ್ತು ಜನರಲ್ಲಿ ಸುಮಾರು ಒಬ್ಬರಲ್ಲಿ ಇದು ಹೆಚ್ಚಾಗಿರುತ್ತದೆಂದು ತಿಳಿದವರು ಹೇಳುತ್ತಾರೆ. ಇದು ಹುಚ್ಚಲ್ಲ, ಕಲ್ಲುಹೃದಯವೂ ಅಲ್ಲ. ದಂಪತಿಗಳನ್ನೇ ಕುರಿತು 2013ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು, ಈ ಸ್ವಭಾವವು ಒಂಟಿತನದೊಂದಿಗೆ, ಒಂಟಿತನವು ಆಪ್ತ ಮಾತಿನ ಕೊರತೆಯೊಂದಿಗೆ, ಆ ಕೊರತೆಯು ದಾಂಪತ್ಯದ ಸೊರಗುವಿಕೆಯೊಂದಿಗೆ ಹೆಣೆದುಕೊಂಡಿರುವುದನ್ನು ತೋರಿಸಿತು.

ಕೆಲವರಿಗೆ ಇದು ಹುಟ್ಟಿನಿಂದ ಬಂದುದು. ಹಲವರಿಗೆ ನಾವೇ ಕಲಿಸಿದ್ದು. ಗಂಡುಮಗು ಅತ್ತರೆ "ಹೆಣ್ಣಿನಂಗ ಅಳತಿ ಏನಲೇ" ಎನ್ನುವವರು ಯಾರು? 1980ರಲ್ಲಿ ನರಗುಂದದ ರೈತರು ನೀರಿನ ಕರದ ವಿಷಯದಲ್ಲಿ ಸರಕಾರದ ಎದುರು ಎದೆಯೆತ್ತಿ ನಿಂತು ಮಾತಾಡಿದರು, ನಾಡೇ ಕೇಳಿತು. ಅಷ್ಟು ಗಟ್ಟಿ ದನಿಯ ನೆಲದಲ್ಲಿ, ಹೆಂಡತಿಯ ಎದುರು "ನನಗ ಅಂಜಿಕಿ ಆಗೇದ" ಎನ್ನಲು ನಾಲಗೆ ಏಳುವುದಿಲ್ಲವಲ್ಲ! ಹೆಣ್ಣುಮಕ್ಕಳಲ್ಲಿಯೂ ಇದುಂಟು. ದುಃಖವನ್ನು ನುಂಗಿ ನುಂಗಿ, ಕೊನೆಗೆ ಹೊಟ್ಟೆನೋವೆಂದು ದವಾಖಾನೆಗೆ ಹೋಗುವ ತಾಯಂದಿರು ಎಷ್ಟಿಲ್ಲ?

ಕನ್ನಡದಲ್ಲಿ ಶಬ್ದಗಳಿಗೆ ಬಡತನವಿಲ್ಲ. ಅಳುಕು, ಕಳವಳ, ಹಂಬಲ, ಅಕ್ಕರೆ, ಮುಜುಗರ, ಸಂಕಟ, ಹೊಟ್ಟೆಕಿಚ್ಚು ಎಲ್ಲವೂ ಇವೆ. ನಮ್ಮ ಮನೆಗಳಲ್ಲಿ ದಿನಬಳಕೆಗೆ ಉಳಿದವು ಎರಡೇ, ಸಿಟ್ಟು ಮತ್ತು ಬ್ಯಾಸರ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತಿದ್ದುದೇ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದ. ಇದನ್ನು ನಾವು ಕಾಯಕದ ಪಾಠವೆಂದೇ ಹೇಳುತ್ತ ಬಂದಿದ್ದೇವೆ. ಅದರಲ್ಲಿ ದಾಂಪತ್ಯದ ಪಾಠವೂ ಇದೆ. ತನ್ನೊಳಗೆ ಆಸೆ ಹೊಕ್ಕಿತೆಂಬುದು ಮಾರಯ್ಯನಿಗೆ ಅರಿವಾದಂತೆ ಕಾಣುವುದಿಲ್ಲ. ಅವನ ಚೀಲವನ್ನು ನೋಡಿ ಅದರ ಹೆಸರು ಹೇಳಿದವಳು ಲಕ್ಕಮ್ಮ. ಅವಳು ಹೀಯಾಳಿಸಲಿಲ್ಲ, ಮಾತು ಬಿಟ್ಟು ಕೂಡಲೂ ಇಲ್ಲ. ಅವನೂ "ನಿನಗೇನು ತಿಳಿಯುತ್ತದೆ" ಎನ್ನದೆ ಅಕ್ಕಿಯನ್ನು ಹಿಂದಿರುಗಿಸಿದ. ಹೇಳುವವಳ ಧೈರ್ಯಕ್ಕಿಂತ ಕೇಳಿದವನ ವಿನಯವೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಆದುದರಿಂದ ತಂಗಿಯರೆ, "ಏನಾಗೇದ?" ಎಂದು ಬರಿದೆ ಕೇಳಬೇಡಿರಿ. ಆ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. "ತಲಿ ಯಾವಾಗಿಂದ ನೋಯಾಕತ್ತೇದ? ಪ್ಯಾಟಿಗೆ ಹೋಗಿ ಬಂದ ಮ್ಯಾಲೇನು? ಅಂಜಿಕಿ ಆಗೇದೋ, ಬ್ಯಾಸರ ಆಗೇದೋ?" ಎಂದು ಕೇಳಿರಿ. ಎರಡರಲ್ಲಿ ಒಂದನ್ನು ಆರಿಸುವುದು ಸುಲಭ. ತಮ್ಮಂದಿರೆ, ತಿಳಿಯದಿದ್ದರೆ "ಏನಿಲ್ಲ" ಎನ್ನಬೇಡಿರಿ. "ಏನೋ ಅದ, ಏನಂತ ತಿಳಿವಲ್ದು, ಸ್ವಲ್ಪ ಹೊತ್ತು ಕೊಡು" ಎನ್ನಿರಿ. ಆಕೆ ಅತ್ತಾಗ ಹೇಳಲು ಏನೂ ತೋಚದಿದ್ದರೂ ಎದ್ದು ಹೋಗಬೇಡಿರಿ, ಅಲ್ಲಿಯೇ ಕೂಡಿರಿ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೊಡೆಯುವ, ಬೈಯುವ, ತುಚ್ಛವಾಗಿ ಕಾಣುವ ಗಂಡನಿಗೆ ಈ ವಿವರಣೆ ಹೊದಿಕೆಯಾಗಬಾರದು. ಅದನ್ನು ಸಹಿಸಿರೆಂದು ನಾವು ಯಾವ ಹೆಣ್ಣುಮಗಳಿಗೂ ಹೇಳುವುದಿಲ್ಲ.

ಇಬ್ಬರ ಕೈಲೂ ಆಗದಿದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಅಲ್ಲಿಗೆ ಹೋದವರನ್ನು ಹುಚ್ಚರೆಂದು ಕಟ್ಟೆಯ ಮೇಲೆ ಆಡಿಕೊಳ್ಳುವವರು ಇದ್ದರೆ ಅವರನ್ನು ನಮ್ಮ ಬಳಿ ಕಳಿಸಿರಿ.

ಪ್ರಸಾದದ ಹೊತ್ತಾಯಿತು. ದಂಪತಿಗಳು ಜೊತೆಯಲ್ಲಿಯೇ ಪಂಕ್ತಿಗೆ ಕೂಡಿರಿ.