ಕೂದಲಿನಷ್ಟು ಸಣ್ಣ ದಾರಿ



ದೀಪದ ಬತ್ತಿ ನೋಡಿ. ಎಣ್ಣೆ ಕೆಳಗಿದೆ. ಉರಿ ಮೇಲಿದೆ. ಎಣ್ಣೆ ಹತ್ತಿದ್ದು ಹೇಗೆ? ಬತ್ತಿಯ ಎಳೆಗಳ ನಡುವೆ ಸಣ್ಣ ಸಂದುಗಳಿವೆ. ಅದೇ ದಾರಿ.

ಮಣ್ಣಿನಲ್ಲೂ ಇಂಥ ದಾರಿ ಇದೆ. ಬೇಸಿಗೆಯಲ್ಲಿ ತೇವ ಹೀಗೇ ಮೇಲೆ ಬಂದು ಆರಿಹೋಗುತ್ತೆ. ಅದಕ್ಕೇ ಮಳೆಗಾಲ ಮುಗಿದ ಮೇಲೆ ಕಾಫಿ ತೋಟದಲ್ಲಿ ಮೇಲ್ಮಣ್ಣು ಕೆದಕುತ್ತಾರೆ. ದಾರಿ ಕಡಿಯುತ್ತದೆ. ತೇವ ಬೇರಿಗೆ ಉಳಿಯುತ್ತದೆ.

ಗೋಡೆಯೂ ಬತ್ತಿಯ ಹಾಗೆ. ಮೂಡಿಗೆರೆ, ಕಳಸದ ಮಳೆಗೆ ನೆಲದ ನೀರು ಗೋಡೆ ಹತ್ತುತ್ತೆ. ಗೋಡೆ ಬುಡದಲ್ಲಿ ನೀರು ನಿಲ್ಲಲು ಬಿಡಬೇಡಿ.

ನಮ್ಮ ಮೈಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಅವೇ ಲೋಮನಾಳ. ಲೋಮ ಎಂದರೆ ಕೂದಲು. ಇಲ್ಲಿ ಮಾತ್ರ ರಕ್ತ ತಾನಾಗಿ ಹತ್ತುವುದಿಲ್ಲ. ಗುಂಡಿಗೆ ಒತ್ತಿ ಕಳಿಸುತ್ತೆ. ಪ್ರಾಣವಾಯು, ಊಟದ ಸತ್ವ ಮೈಗೆ ಸೇರುವುದು ಇಲ್ಲಿಯೇ.

ಕಬ್ಬಿಣದ ಅಂಶ ಕಡಿಮೆಯಾದರೆ ರಕ್ತ ಸಾಕಷ್ಟು ಪ್ರಾಣವಾಯು ಹೊರಲಾರದು. ಆಗ ಗುಡ್ಡ ಹತ್ತುವಾಗ ಏದುಸಿರು, ಸುಸ್ತು. ಇದನ್ನು ನಮ್ಮ ಹಣೆಬರಹ ಅನ್ನಬೇಡಿ.

ನರ್ಸಮ್ಮ ಬೆರಳು ಚುಚ್ಚಿ ತೆಗೆಯುವ ಹನಿ ಲೋಮನಾಳದ್ದೇ. ಹೆದರಬೇಡಿ. ಹೆಂಗಸರಿಗೆ ಅಂಕಿ 12 ಆದರೂ ಇರಬೇಕು. ಬಸುರಿಗೆ 11. ಕಡಿಮೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ ಕೊಡ್ತಾರೆ.

ಚೀಟಿಯ ಅಂಕಿ ಈಗ ನೀವೇ ಓದಬಲ್ಲಿರಿ. ಓದಿ. ಕಡಿಮೆ ಇದ್ದರೆ ಮಾತ್ರೆ ಕೇಳಿ ಪಡೆಯಿರಿ.