ಮಳೆಗಾಲದ ಸವಾರಿ ಮತ್ತು ಹೆಲ್ಮೆಟ್ಟಿನ ಗಾಜು



ಮುಂಬಯಿಯ ಮಳೆಯ ಬಗ್ಗೆ ನಿಮಗೆ ನಾನು ಹೊಸದಾಗಿ ಹೇಳಬೇಕಾದ್ದೇನಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಸೊಂಟಮಟ್ಟದ ನೀರಿನಲ್ಲಿ ಮನೆಗೆ ನಡೆದವರು ನಿಮ್ಮಲ್ಲೂ ಇದ್ದೀರಿ. ಇಂದಿನ ಮಾತು ಅಂಥ ದೊಡ್ಡ ಮಳೆಯದಲ್ಲ. ಬೈಕ್ ಸವಾರನ ಕಣ್ಣೆದುರಿಗಿರುವ ಅಂಗೈಯಗಲದ ಗಾಜಿನದು. ನಾವು ಗಾಜು ಅನ್ನುತ್ತೇವೆ, ಅಂಗಡಿಯವರು ವೈಸರ್ ಅನ್ನುತ್ತಾರೆ.

ರಾತ್ರಿ ಹೋಟೆಲಿನ ಲೆಕ್ಕ ಮುಗಿಸಿ ಅಂಧೇರಿಯಿಂದ ಮುಲುಂಡಿಗೆ ಹೋಗುವುದು ನನ್ನ ನಿತ್ಯದ ದಾರಿ. ರೈಲಿನಲ್ಲಾದರೆ ದಾದರಿಗೆ ಹೋಗಿ ಗಾಡಿ ಬದಲಿಸಬೇಕು. ಬೈಕಿನಲ್ಲಾದರೆ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆ ಹಿಡಿದು ನೇರ ಹೋಗಬಹುದು. ಒಂದು ಜುಲೈ ರಾತ್ರಿ ಪೊವಾಯಿ ಕೆರೆ ದಾಟುವಾಗ ವೈಸರಿನ ಒಳಗೆ ಆವಿ ಕಟ್ಟಿತು. ಎದುರಿನ ಲಾರಿಯ ದೀಪ ಬಿದ್ದದ್ದೇ ತಡ, ಕಣ್ಣೆದುರು ಬರೀ ಬಿಳಿ. ಕಪ್ಪು ಕೊಡೆ ಹಿಡಿದು ರಸ್ತೆ ದಾಟುತ್ತಿದ್ದ ವೃದ್ಧರೊಬ್ಬರು ನನಗೆ ಕಂಡದ್ದು ಎರಡು ಮಾರು ದೂರದಲ್ಲಿ. ಬ್ರೇಕ್ ಒತ್ತಿದೆ, ಬೈಕ್ ಜಾರಿತು, ಕೊಡೆಯ ಕಡ್ಡಿ ನನ್ನ ಹ್ಯಾಂಡಲಿಗೆ ತಾಗಿತು. ಪುಣ್ಯಕ್ಕೆ ಅವರಿಗೇನೂ ಆಗಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ದಿಸತ್ ನಾಹೀ ಕಾ ರೇ?" ಕಾಣುವುದಿಲ್ಲವೇನೋ ಎಂದು. ನಿಜವಾಗಿಯೂ ಕಾಣುತ್ತಿರಲಿಲ್ಲ. ಕಾಣದಿದ್ದರೂ ನಾನು ಓಡಿಸುತ್ತಲೇ ಇದ್ದೆ.

ನಾನು ಮಳೆಯನ್ನೇ ದೂರುತ್ತಿದ್ದೆ. ಆದರೆ ಒಳಗಿನ ಮಬ್ಬು ಮಳೆಯದಲ್ಲ, ನಮ್ಮದೇ ಉಸಿರಿನದು. ಹೊರಗಿನ ನೀರು ವೈಸರನ್ನು ತಣ್ಣಗೆ ಮಾಡುತ್ತದೆ. ಬಾಯಿಯಿಂದ ಬರುವ ಬೆಚ್ಚಗಿನ, ತೇವದ ಉಸಿರು ಅದಕ್ಕೆ ತಾಗಿ ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ. ಆ ಹನಿಗಳು ಬೆಳಕನ್ನು ದಿಕ್ಕಾಪಾಲಾಗಿ ಚೆದುರಿಸುತ್ತವೆ. ಗದ್ದದ ಬಳಿಯ ಗಾಳಿಕಿಂಡಿ ತೆರೆದಿಡಿ ಅನ್ನುತ್ತಾರೆ. ಒಳ್ಳೆಯದೇ, ತೆರೆದಿಡಿ. ಆದರೆ ನಮ್ಮ ಜುಲೈಯಲ್ಲಿ ಒಳಬರುವ ಗಾಳಿಯೇ ಒದ್ದೆ. ಮೇಲಾಗಿ ಸಿಗ್ನಲಿನಲ್ಲಿ ನಿಂತಾಗ ಗಾಳಿ ಎಲ್ಲಿಂದ ಬರಬೇಕು?

ಹಾಗಾಗಿ ಹನಿ ಕಟ್ಟದಂತೆ ನೋಡಿಕೊಳ್ಳುವುದೇ ದಾರಿ. ಪಾತ್ರೆ ತೊಳೆಯುವ ದ್ರವ ಸೋಪು ಮನೆಯಲ್ಲಿ ಇದ್ದೇ ಇರುತ್ತದೆ. ವೈಸರಿನ ಒಳಮೈಗೆ ಒಂದೇ ಹನಿ ಸವರಿ, ಒಣಗಲು ಬಿಟ್ಟು, ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ಕಲೆ ಕಾಣದಷ್ಟು ಹಗುರವಾಗಿ ಒರೆಸಿ. ಸೋಪಿನ ತೆಳುಪದರದ ಮೇಲೆ ನೀರು ಹನಿಯಾಗಿ ನಿಲ್ಲದೆ ಹರಡಿಕೊಳ್ಳುತ್ತದೆ, ಹರಡಿದ ನೀರಿನ ಮೂಲಕ ರಸ್ತೆ ಕಾಣುತ್ತದೆ. ಒಂದೆರಡು ದಿನಕ್ಕೊಮ್ಮೆ ಮತ್ತೆ ಹಚ್ಚಬೇಕು. ಹೆಚ್ಚು ಹಚ್ಚಿದರೆ ಮಳೆನೀರು ಒಳಗೆ ಇಳಿದಾಗ ಕಣ್ಣು ಉರಿದೀತು, ಜೋಕೆ! ಕನ್ನಡಕ ಹಾಕುವವರ ಕನ್ನಡಕಕ್ಕೂ ಇದೇ ಉಪಚಾರ. ಆಲೂಗಡ್ಡೆ ಉಜ್ಜಿ ಎಂದೂ ಕೆಲವರು ಹೇಳುತ್ತಾರೆ. ನಾನು ಉಜ್ಜಿ ನೋಡಿದೆ, ಕಲೆ ಉಳಿಯಿತು. ಖರ್ಚು ಮಾಡಬಲ್ಲವರಿಗೆ ಪಿನ್‌ಲಾಕ್ ಎಂಬ ಎರಡನೆಯ ತೆಳುಹಾಳೆ ಸಿಗುತ್ತದೆ. ಎರಡು ಪದರಗಳ ನಡುವೆ ಗಾಳಿ ಸಿಕ್ಕಿಕೊಂಡು ಒಳಪದರ ತಣ್ಣಗಾಗದು. ಆದರೆ ಅದಕ್ಕೆಂದೇ ಗೂಟವಿರುವ ವೈಸರಿಗೆ ಮಾತ್ರ ಅದು ಕೂರುತ್ತದೆ.

ಇನ್ನು ಹೊರಮೈ. ಗಾಜು ಎಂದರೂ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಕಿಟಕಿ ತೊಳೆಯುವ ದ್ರವ ಇವೆಲ್ಲ ಅದನ್ನು ಹಾಳುಮಾಡುತ್ತವೆ. ಟೂತ್‌ಪೇಸ್ಟ್ ಅಂತೂ ಗೀರುತ್ತದೆ. ಸೀ ಲಿಂಕ್‌ಗೂ ಅಟಲ್ ಸೇತುವಿಗೂ ನಮ್ಮ ಬೈಕಿಗೆ ಪ್ರವೇಶವಿಲ್ಲ; ನಮ್ಮ ಪಾಲಿಗೆ ಲಾರಿಗಳ ಹಿಂದಿನ ಕೆಸರೇ ಗತಿ. ಆ ಕೆಸರನ್ನು ಒಣಗಿದ ಮೇಲೆ ಕೈಯಿಂದ ಒರೆಸಿದಿರೋ, ಮರಳು ಗೀರು ಬರೆದು ಹೋಗುತ್ತದೆ. ಹಗಲಲ್ಲಿ ಕಾಣದ ಆ ಗೀರುಗಳು ರಾತ್ರಿ ಎದುರಿನ ದೀಪ ಬಿದ್ದಾಗ ನಕ್ಷತ್ರದಂತೆ ಸಿಡಿಯುತ್ತವೆ. ಮೊದಲು ನೀರು ಹುಯ್ಯಿರಿ, ಕೆಸರು ನೆನೆದು ಇಳಿಯಲಿ, ಆಮೇಲೆ ಬಟ್ಟೆ. ಸವಾರಿಯ ನಡುವೆ ಒರೆಸಬೇಕಾದರೆ ಎಡಗೈಯ ಒದ್ದೆ ಗ್ಲೌಸ್ ಬಳಸಿ, ಬಲಗೈ ಆಕ್ಸಿಲರೇಟರ್ ಬಿಡದಿರಲಿ. ಕಪ್ಪು ವೈಸರ್, ಕಪ್ಪು ಗಾಗಲ್ಸ್ ಸಂಜೆಯ ಮೇಲೆ ಬೇಡವೇ ಬೇಡ.

ರಜೆಗೆ ಬೈಕಿನಲ್ಲೇ ಊರಿಗೆ ಹೊರಡುವ ಹುಡುಗರೂ ಈಗ ಇದ್ದಾರೆ. ಕಶೇಡಿಯಲ್ಲೋ ಅಂಬೋಲಿಯಲ್ಲೋ ಘಾಟಿಗೆ ಮೋಡವೇ ಇಳಿದಾಗ ಮಬ್ಬು ಒಳಗಿನದೋ ಹೊರಗಿನದೋ ತಿಳಿಯದು. ನಿಧಾನ ಮಾಡಿ ವೈಸರನ್ನು ಒಂದು ಬೆರಳಷ್ಟು ಎತ್ತಿ ನೋಡಿ. ರಸ್ತೆ ಕಂಡರೆ ಮಬ್ಬು ವೈಸರಿನದು. ಕಾಣದಿದ್ದರೆ ಅದು ಮಂಜು, ಯಾವ ಸೋಪೂ ಅದಕ್ಕೆ ಮದ್ದಲ್ಲ. ದೀಪವನ್ನು ಲೋ ಬೀಮಿಗೆ ಇಳಿಸಿ, ಏಕೆಂದರೆ ಹೈ ಬೀಮ್ ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಮರಳುತ್ತದೆ. ಆಗಲೂ ಕಾಣದಿದ್ದರೆ ರಸ್ತೆ ಬಿಟ್ಟು ಕೆಳಗಿಳಿದು ಒಂದು ಚಹಾ ಕುಡಿಯಿರಿ.

ಆ ರಾತ್ರಿ ಮನೆಗೆ ಬಂದು ನನ್ನ ವೈಸರನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ನಾಲ್ಕು ಮಳೆಗಾಲದ ಗೀರುಗಳು ಅದರ ಮೇಲಿದ್ದವು. ಮರುದಿನವೇ ಹೊಸದು ಹಾಕಿಸಿದೆ. ಅದಕ್ಕೆ ತಗಲಿದ್ದು ನಾನು ರೇನ್‌ಕೋಟಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಇಂದು ನಿಮ್ಮದನ್ನೂ ಒಮ್ಮೆ ದೀಪಕ್ಕೆ ಹಿಡಿದು ನೋಡಿ.